ಕೋಡ್ ಎಲ್ಲರ ಕಂಪ್ಯೂಟರಿನಲ್ಲೂ ಒಂದೇ ಹಾಗೆ ಓಡಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡದ ಮಕ್ಕಳು ಮತ್ತು ಅವರಿಗೆ ಕಲಿಸುವ ಮಾಷ್ಟ್ರು, ಟೀಚರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇಲ್ಲಿವೆ. ಹೆಚ್ಚಿನವು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ. ಕೇರಳದ ಹೈಸ್ಕೂಲು ಐಸಿಟಿ ಪಾಠದಲ್ಲೂ ಅದು ಇದೆ, ಕಾಲೇಜಿನ ಪ್ರಾಜೆಕ್ಟುಗಳಲ್ಲೂ ಅದೇ ಜಾಸ್ತಿ. ಆಜ್ಞೆಗಳನ್ನು ಫೋನಿನಲ್ಲಿ ಹೇಳಿಕೊಡುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಹೊಡೆಯಿರಿ.

ಮನೆಯಲ್ಲಿ ಸರಿಯಾಗಿ ಓಡಿದ ಕೋಡ್ ಶಾಲೆಯ ಲ್ಯಾಬಿನಲ್ಲಿ ಓಡುವುದಿಲ್ಲ. ಎಂತ ಕಾರಣ?

ನೀವು ತಂದದ್ದು ಕೋಡ್ ಮಾತ್ರ. ಆ ಕೋಡ್ ಯಾವುದರ ಮೇಲೆ ನಿಂತಿತ್ತೋ ಅದು ಮನೆಯಲ್ಲೇ ಉಳಿದಿದೆ.

ನಮ್ಮ ಜಿಲ್ಲೆಯ ಸರಕಾರಿ ಮತ್ತು ಅನುದಾನಿತ ಶಾಲೆಗಳ ಲ್ಯಾಬುಗಳಲ್ಲಿ ಇರುವುದು ಕೇರಳ ಸರಕಾರದ ಕೈಟ್ ಸಂಸ್ಥೆಯ ಲಿನಕ್ಸ್ (ವಿಂಡೋಸಿನ ಹಾಗೆ ಒಂದು ಆಪರೇಟಿಂಗ್ ಸಿಸ್ಟಂ; ಉಬುಂಟು, ಡೆಬಿಯನ್ ಅದರ ಬಗೆಗಳು). ಅದರ 22.04 ಆವೃತ್ತಿಯನ್ನು ಉಬುಂಟು 22.04ರ ಮೇಲೆ ಕಟ್ಟಿದ್ದಾರೆ. ಹಾಗಾಗಿ ಅದರಲ್ಲಿ ಪೈಥಾನ್ 3.10 ಇದೆ. ಮನೆಯ ವಿಂಡೋಸ್ ಲ್ಯಾಪ್‌ಟಾಪಿಗೆ ನೀವು ಇತ್ತೀಚೆಗೆ ಪೈಥಾನ್ ಹಾಕಿದ್ದರೆ ಅದು 3.12 ಅಥವಾ ಇನ್ನೂ ಹೊಸದು. ಈ ವ್ಯತ್ಯಾಸ ಸಣ್ಣದೆಂದು ಕಾಣುತ್ತದೆ. ಆದರೆ 3.12ರಿಂದ ಎಫ್-ಸ್ಟ್ರಿಂಗ್ (ನಡುವೆ ಆವರಣದಲ್ಲಿ ವೇರಿಯಬಲ್ ಬರೆಯಬಹುದಾದ ಪಠ್ಯ) ಒಳಗಿನ ಆವರಣದಲ್ಲೂ ಹೊರಗಿನ ಉದ್ಧರಣ ಚಿಹ್ನೆಯನ್ನೇ ಬಳಸಬಹುದು. 3.10ರಲ್ಲಿ ಅದೇ ಸಾಲು ಸಿಂಟ್ಯಾಕ್ಸ್ ಎರರ್. ಮಗು ಒಂದಕ್ಷರವನ್ನೂ ತಪ್ಪು ಬರೆದಿಲ್ಲ. ಆದರೂ ಲ್ಯಾಬಿನಲ್ಲಿ ಪರದೆ ಕೆಂಪಾಗುತ್ತದೆ.

ಕೋಡಿನ ಕೆಳಗೆ ಇರುವುದನ್ನು ಮೂರು ಭಾಗ ಮಾಡಿ ನೋಡಿದರೆ ಸುಲಭ. ಪೈಥಾನಿನ ವರ್ಷನ್ ಒಂದು. ನೀವು ಹಾಕಿಕೊಂಡ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಮತ್ತು ಅವುಗಳ ವರ್ಷನ್ ಇನ್ನೊಂದು. ಪೈಥಾನಿನ ಹೊರಗೆ, ಸಿಸ್ಟಂನಲ್ಲೇ ಇರುವ ಫಾಂಟು, ಪ್ರೋಗ್ರಾಂ, ಸೆಟ್ಟಿಂಗುಗಳು ಮೂರನೆಯದು. ಕೆಳಗಿನ ಹೆಚ್ಚಿನ ಉತ್ತರಗಳು ಈ ಮೂರರಲ್ಲಿ ಒಂದಕ್ಕೆ ಸೇರಿದವು. ಏನಾದರೂ ಕೆಟ್ಟರೆ ಮೊದಲು ಕೇಳಬೇಕಾದದ್ದು, ಈ ಮೂರರಲ್ಲಿ ಯಾವುದು ಬೇರೆ ಇದೆ ಅಂತ.

ವರ್ಚುವಲ್ ಎನ್ವಿರಾನ್‌ಮೆಂಟ್ ಅಂದರೆ ಏನು? ಅದರಿಂದ ಕಂಪ್ಯೂಟರ್ ನಿಧಾನ ಆಗುತ್ತದಾ?

ಅದು ಬರೀ ಒಂದು ಫೋಲ್ಡರ್. ಒಂದು ಪ್ರಾಜೆಕ್ಟಿಗೆ ಬೇಕಾದ ಲೈಬ್ರರಿಗಳು ಆ ಫೋಲ್ಡರಿನ ಒಳಗೆ ಮಾತ್ರ ಕೂರುತ್ತವೆ. ಹಿನ್ನೆಲೆಯಲ್ಲಿ ಏನೂ ಓಡುತ್ತಾ ಇರುವುದಿಲ್ಲ, ಹಾಗಾಗಿ ನಿಧಾನ ಆಗುವ ಪ್ರಶ್ನೆಯೇ ಇಲ್ಲ. ಇದನ್ನು ಮಾಡುವ ವೆನ್ವ್ ಎಂಬ ಉಪಕರಣ 2012ರಲ್ಲಿ ಬಂದ ಪೈಥಾನ್ 3.3ರಿಂದಲೇ ಜೊತೆಗಿದೆ. ಬೇರೆ ಏನನ್ನೂ ಕೊಳ್ಳಬೇಕಿಲ್ಲ.

ಇದು ಯಾಕೆ ಬೇಕು ಅಂದರೆ, ಒಂದು ಪೈಥಾನಿನಲ್ಲಿ ಒಂದು ಲೈಬ್ರರಿಯ ಒಂದೇ ವರ್ಷನ್ ಇರಲು ಸಾಧ್ಯ. ಹಳೆಯ ಪ್ರಾಜೆಕ್ಟಿಗೆ ಪಾಂಡಾಸ್ (ಕೋಷ್ಟಕದ ಡೇಟಾ ನಿಭಾಯಿಸುವ ಲೈಬ್ರರಿ) 1.5 ಬೇಕು, ಹೊಸದಕ್ಕೆ 2.2 ಬೇಕು ಅಂತಾದರೆ ಒಂದನ್ನು ಹಾಕಿದ ಕೂಡಲೇ ಇನ್ನೊಂದು ಹೋಗುತ್ತದೆ. ಎರಡು ವೆನ್ವ್ ಮಾಡಿದರೆ ಎರಡೂ ಜಗಳವಿಲ್ಲದೆ ಇರುತ್ತವೆ.

ಸರಿ, ಮಾಡುವುದು ಹೇಗೆ?

ಪ್ರಾಜೆಕ್ಟಿನ ಫೋಲ್ಡರಿನಲ್ಲಿ ಟರ್ಮಿನಲ್ ತೆರೆಯಿರಿ. ಲಿನಕ್ಸಿನಲ್ಲಿ ಹೀಗೆ:

ಪೈಥಾನ್3 -ಎಮ್ ವೆನ್ವ್ .ವೆನ್ವ್

ಮೊದಲ ವೆನ್ವ್ ಉಪಕರಣದ ಹೆಸರು. ಚುಕ್ಕೆ ಇರುವ ಎರಡನೆಯದು ಫೋಲ್ಡರಿಗೆ ನಾವು ಕೊಡುವ ಹೆಸರು. ಆಮೇಲೆ ಅದನ್ನು ಚಾಲೂ ಮಾಡಲು:

ಸೋರ್ಸ್ .ವೆನ್ವ್/ಬಿನ್/ಆಕ್ಟಿವೇಟ್

ಟರ್ಮಿನಲ್ ಸಾಲಿನ ಆರಂಭದಲ್ಲಿ ವೆನ್ವಿನ ಹೆಸರು ಕಾಣಿಸಿಕೊಂಡರೆ ನೀವು ಒಳಗೆ ಇದ್ದೀರಿ. ಇನ್ನು ಪಿಪ್ (ಲೈಬ್ರರಿಗಳನ್ನು ನೆಟ್ಟಿನಿಂದ ಇಳಿಸಿ ಹಾಕುವ ಉಪಕರಣ) ಇನ್‌ಸ್ಟಾಲ್ ಮಾಡಿದ್ದೆಲ್ಲ ಆ ಫೋಲ್ಡರಿಗೇ ಹೋಗುತ್ತದೆ. ಹೊರಗೆ ಬರಲು ಡಿಆಕ್ಟಿವೇಟ್.

ವಿಂಡೋಸಿನಲ್ಲಿ ಪೈಥಾನ್3 ಬದಲು ಪಿವೈ ಅಂತ ಹೊಡೆಯಿರಿ. ಅಲ್ಲಿ ಬಿನ್ ಎಂಬ ಫೋಲ್ಡರ್ ಇರುವುದಿಲ್ಲ, ಅದರ ಜಾಗದಲ್ಲಿ ಸ್ಕ್ರಿಪ್ಟ್ಸ್ ಇರುತ್ತದೆ.

ಲ್ಯಾಬಿನ ಲಿನಕ್ಸಿನಲ್ಲಿ ಮೊದಲ ಆಜ್ಞೆಯೇ ಎನ್ಶೂರ್‌ಪಿಪ್ ಇಲ್ಲ ಎಂದು ದೂರಿದರೆ ಪೈಥಾನ್3-ವೆನ್ವ್ ಎಂಬ ಪ್ಯಾಕೇಜ್ ಹಾಕಿಲ್ಲ ಎಂದರ್ಥ. ಡೆಬಿಯನ್ ಮತ್ತು ಉಬುಂಟು ಕುಟುಂಬದಲ್ಲಿ ಅದನ್ನು ಬೇರೆಯೇ ಇಟ್ಟಿದ್ದಾರೆ. ಎಪಿಟಿಯಿಂದ (ಉಬುಂಟುವಿನಲ್ಲಿ ಪ್ರೋಗ್ರಾಂ ಹಾಕುವ ಆಜ್ಞೆ) ಹಾಕಲು ಪಾಸ್‌ವರ್ಡ್ ಬೇಕು. ಶಾಲೆಯ ಎಸ್‌ಐಟಿಸಿ (ಐಟಿ ಸಂಯೋಜಕ) ಮಾಷ್ಟ್ರಿಗೆ ಅಥವಾ ಟೀಚರಿಗೆ ಹೇಳಿ, ಒಂದು ಸಲ ಹಾಕಿದರೆ ಆಯಿತು.

ವಿಂಡೋಸ್ ಪವರ್‌ಶೆಲ್ಲಿನಲ್ಲಿ ಆಕ್ಟಿವೇಟ್ ಮಾಡಲು ಹೋದರೆ "ಸ್ಕ್ರಿಪ್ಟ್ ಓಡಿಸಲು ಅನುಮತಿ ಇಲ್ಲ" ಅನ್ನುತ್ತದೆ.

ವಿಂಡೋಸ್ ತಾನಾಗಿ ಹಾಕಿಕೊಂಡ ಸುರಕ್ಷತೆಯ ಬೇಲಿ ಅದು. ಎಕ್ಸಿಕ್ಯೂಷನ್ ಪಾಲಿಸಿಯನ್ನು ನಿಮ್ಮ ಬಳಕೆದಾರ ಖಾತೆಗೆ ಮಾತ್ರ ರಿಮೋಟ್‌ಸೈನ್ಡ್ ಅಂತ ಬದಲಿಸಿದರೆ ಸರಿಯಾಗುತ್ತದೆ. ಆದರೆ ನಾನು ಹೇಳುವುದು ಬೇರೆ. ಆಕ್ಟಿವೇಟ್ ಮಾಡಲೇಬೇಕು ಅಂತ ಇಲ್ಲ. ವೆನ್ವ್ ಒಳಗಿನ ಪೈಥಾನನ್ನೇ ಹೆಸರಿಟ್ಟು ಕರೆಯಿರಿ, ಅಂದರೆ .ವೆನ್ವ್\ಸ್ಕ್ರಿಪ್ಟ್ಸ್\ಪೈಥಾನ್ ಬರೆದು ನಿಮ್ಮ ಫೈಲಿನ ಹೆಸರು ಕೊಡಿ. ಅಷ್ಟೇ ಸಾಕು. ಪ್ಯಾಕೇಜ್ ಹಾಕುವಾಗಲೂ ಅದೇ ಪೈಥಾನಿಗೆ -ಎಮ್ ಪಿಪ್ ಇನ್‌ಸ್ಟಾಲ್ ಸೇರಿಸಿ. ಯಾವ ಪೈಥಾನ್ ಓಡುತ್ತಿದೆ ಎಂಬ ಗೊಂದಲವೇ ಇರುವುದಿಲ್ಲ.

ಹೊಸ ಉಬುಂಟುವಿನಲ್ಲಿ ಪಿಪ್ ಇನ್‌ಸ್ಟಾಲ್ ಅಂದರೆ "ಎಕ್ಸ್‌ಟರ್ನಲಿ ಮ್ಯಾನೇಜ್ಡ್" ಎಂಬ ಎರರ್ ಬರುತ್ತದೆ. ಬ್ರೇಕ್-ಸಿಸ್ಟಂ-ಪ್ಯಾಕೇಜಸ್ ಅಂತ ಸೇರಿಸಿದರೆ ಆಗುತ್ತದೆ ಅಂತಾರೆ. ಸೇರಿಸಬಹುದಾ?

ಬೇಡ. ಆಯ್ಕೆಯ ಹೆಸರಿನಲ್ಲೇ ಎಚ್ಚರಿಕೆ ಇದೆ. ಲಿನಕ್ಸಿನ ಎಷ್ಟೋ ಒಳಗಿನ ಕೆಲಸಗಳು ಸಿಸ್ಟಂನ ಪೈಥಾನಿನಿಂದಲೇ ನಡೆಯುತ್ತವೆ. ನೀವು ಅಲ್ಲಿ ಲೈಬ್ರರಿ ಬದಲಿಸಿದರೆ ಬೇರೆ ಯಾವುದೋ ಪ್ರೋಗ್ರಾಂ ಕೆಡಬಹುದು. ಉಬುಂಟು 23.04ರಿಂದ, ಡೆಬಿಯನ್ 12ರಿಂದ ಈ ತಡೆ ಬಂದಿದೆ. ಒಳ್ಳೆಯದೇ ಆಯಿತು. ವೆನ್ವ್ ಮಾಡಿ ಅದರೊಳಗೆ ಹಾಕಿ. ಲ್ಯಾಬಿನ 22.04ರಲ್ಲಿ ಈ ತಡೆ ಇಲ್ಲ, ಪಿಪ್ ಸುಮ್ನೆ ಹಾಕಿಬಿಡುತ್ತದೆ. ಹಾಗಾಗಿ ಅಲ್ಲಿ ನಾವೇ ಎಚ್ಚರ ಇಟ್ಟುಕೊಳ್ಳಬೇಕು. ಒಂದೇ ಲಾಗಿನ್ನನ್ನು ನಾಲ್ಕು ತರಗತಿಯ ಮಕ್ಕಳು ಬಳಸುವ ಕಂಪ್ಯೂಟರಿನಲ್ಲಂತೂ ಇದು ತುಂಬ ಮುಖ್ಯ.

ವೆನ್ವ್ ಫೋಲ್ಡರನ್ನೇ ಪೆನ್‌ಡ್ರೈವಿನಲ್ಲಿ ಹಾಕಿ ತಂದರೆ ಸಾಕಲ್ವಾ?

ಸಾಕಾಗುವುದಿಲ್ಲ, ಮತ್ತು ಈ ಪ್ರಶ್ನೆಯೇ ಇಡೀ ವಿಷಯದ ತಿರುಳು.

ವೆನ್ವ್ ತನ್ನೊಳಗೆ ನಿಮ್ಮ ಕಂಪ್ಯೂಟರಿನ ಪೂರ್ತಿ ವಿಳಾಸಗಳನ್ನು ಬರೆದಿಟ್ಟುಕೊಂಡಿರುತ್ತದೆ. ಪೈಥಾನ್ ಯಾವ ಫೋಲ್ಡರಿನಲ್ಲಿದೆ, ವೆನ್ವ್ ಯಾವ ಫೋಲ್ಡರಿನಲ್ಲಿದೆ, ಎಲ್ಲ. ಅದೇ ಕಂಪ್ಯೂಟರಿನಲ್ಲಿ ಪ್ರಾಜೆಕ್ಟ್ ಫೋಲ್ಡರಿನ ಹೆಸರು ಬದಲಿಸಿದರೂ ಅದು ಕೆಡುತ್ತದೆ. ವಿಂಡೋಸಿನಲ್ಲಿ ಮಾಡಿದ್ದು ಲಿನಕ್ಸಿನಲ್ಲಿ ಓಡುವುದೇ ಇಲ್ಲ, ಯಾಕೆಂದರೆ ಲೆಕ್ಕಕ್ಕೆ ಬಳಸುವ ನಂಪೈಯಂಥ ಲೈಬ್ರರಿಗಳ ಒಳಗೆ ಆಯಾ ಸಿಸ್ಟಂಗೆಂದೇ ತಯಾರಾದ ಬೈನರಿ ಫೈಲುಗಳಿವೆ. ಪೆನ್‌ಡ್ರೈವ್ ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ಆಗಿದ್ದರೆ ಲಿನಕ್ಸ್ ವೆನ್ವಿಗೆ ಬೇಕಾದ ಸಿಂಬಾಲಿಕ್ ಲಿಂಕುಗಳೂ (ಬೇರೆ ಫೈಲನ್ನು ತೋರಿಸುವ ಕೊಂಡಿಗಳು) ಅದರಲ್ಲಿ ಉಳಿಯುವುದಿಲ್ಲ.

ನಮ್ಮ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವುದು ಎಲ್ಲರಿಗೂ ಗೊತ್ತು. ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಕಲಸಿದ ಮದ್ದನ್ನು ಅದೇ ದಿನ ಬಿಟ್ಟು ಮುಗಿಸಬೇಕು, ಇಟ್ಟರೆ ಕೆಡುತ್ತದೆ. ಹಾಗಾಗಿ ನೆರೆಮನೆಯವರು ಕೇಳಿದರೆ ಯಾರೂ ಕಲಸಿದ ಮದ್ದು ಕೊಡುವುದಿಲ್ಲ, ಅಳತೆ ಹೇಳುತ್ತಾರೆ. ವೆನ್ವ್ ಕಲಸಿದ ಮದ್ದು. ಕಳಿಸಬೇಕಾದದ್ದು ಅಳತೆ, ಅಂದರೆ ಯಾವ ಲೈಬ್ರರಿಯ ಯಾವ ವರ್ಷನ್ ಎಂಬ ಪಟ್ಟಿ. ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಉಪಕರಣ) ಬಳಸುವವರು ಗಿಟ್‌ಇಗ್ನೋರ್ ಫೈಲಿನಲ್ಲಿ ವೆನ್ವ್ ಫೋಲ್ಡರಿನ ಹೆಸರನ್ನು ಮೊದಲೇ ಬರೆದುಬಿಡಿ.

ಆ ಪಟ್ಟಿ ಬರೆಯುವುದು ಹೇಗೆ?

ಪಿಪ್ ಫ್ರೀಜ್ > ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ವೆನ್ವ್ ಒಳಗೆ ಇರುವ ಎಲ್ಲದರ ಹೆಸರು, ಎರಡು ಸಮ ಚಿಹ್ನೆ, ವರ್ಷನ್ ಸಂಖ್ಯೆ, ಹೀಗೆ ಸಾಲು ಸಾಲಾಗಿ ಬರುತ್ತದೆ. ಇನ್ನೊಬ್ಬರು ಹೊಸ ವೆನ್ವ್ ಮಾಡಿ ಪಿಪ್ ಇನ್‌ಸ್ಟಾಲ್ -ಆರ್ ಎಂದು ಆ ಫೈಲಿನ ಹೆಸರು ಕೊಟ್ಟರೆ ಅವೇ ವರ್ಷನ್‌ಗಳು ಬರುತ್ತವೆ.

ಒಂದು ತೊಂದರೆ ಇದೆ. ನೀವು ಕೇಳಿದ್ದು ಪಾಂಡಾಸ್ ಒಂದೇ, ಪಟ್ಟಿಯಲ್ಲಿ ನಂಪೈ, ಡೇಟ್‌ಯುಟಿಲ್ ಮುಂತಾದವೂ ಬಂದಿರುತ್ತವೆ. ವರ್ಷ ಕಳೆದ ಮೇಲೆ ಇದರಲ್ಲಿ ನನಗೆ ಬೇಕಾಗಿದ್ದದ್ದು ಯಾವುದು, ತಾನಾಗಿ ಬಂದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಅದಕ್ಕೆ ಎರಡು ಫೈಲ್ ಇಡುವುದು ಒಳ್ಳೆಯದು. ಒಂದರಲ್ಲಿ ನೀವು ನೇರವಾಗಿ ಕೇಳಿದ್ದು ಮಾತ್ರ. ಇನ್ನೊಂದರಲ್ಲಿ ಪೂರ್ತಿ ಪಟ್ಟಿ. ಮೊದಲನೆಯದು ಮನುಷ್ಯರಿಗೆ, ಎರಡನೆಯದು ಕಂಪ್ಯೂಟರಿಗೆ. ಪಿಪ್-ಟೂಲ್ಸ್, ಪೊಯೆಟ್ರಿ, ಯುವಿ ಎಂಬ ಉಪಕರಣಗಳು ಈ ಎರಡನ್ನೂ ತಾವೇ ನಿಭಾಯಿಸುತ್ತವೆ. ಎರಡನೆಯದಕ್ಕೆ ಲಾಕ್‌ಫೈಲ್ ಅಂತಾರೆ.

ವರ್ಷನ್ ಸಂಖ್ಯೆ ಬರೆಯದೆ ಬರೀ ಹೆಸರು ಬರೆದರೆ ಏನಾಗುತ್ತದೆ? ಹೊಸದು ಬಂದರೆ ಒಳ್ಳೆಯದೇ ಅಲ್ವಾ?

ಎರರ್ ಬಂದರೆ ನಿಮ್ಮ ಅದೃಷ್ಟ. ಎರರ್ ಬಾರದೆ ಉತ್ತರ ಬದಲಾದರೆ ಏನು ಮಾಡುತ್ತೀರಿ?

ನಮ್ಮ ಕಡೆ ಅಂಗಳದಲ್ಲಿ ಮಳೆಮಾಪಕ ಇಟ್ಟು ದಿನದ ಮಳೆಯನ್ನು ಪುಸ್ತಕದಲ್ಲಿ ಬರೆದಿಡುವ ಕೃಷಿಕರು ಇದ್ದಾರೆ. ಒಬ್ಬ ವಿದ್ಯಾರ್ಥಿ ಆ ಪುಸ್ತಕವನ್ನು ಸಿಎಸ್‌ವಿ ಫೈಲಿಗೆ ಇಳಿಸಿ ತಿಂಗಳವಾರು ಮೊತ್ತ ತೆಗೆಯುತ್ತಾನೆ ಎಂದಿಟ್ಟುಕೊಳ್ಳಿ. ತಾರೀಕುಗಳು ನಾವು ಬರೆಯುವ ಕ್ರಮದಲ್ಲೇ ಇವೆ, ಮೊದಲು ದಿನ, ಆಮೇಲೆ ತಿಂಗಳು. ಮಳೆಗಾಲದ ಮೊದಲ ಸಾಲು 01/06/2024, ಅಂದರೆ ಜೂನ್ 1.

ಪಾಂಡಾಸಿಗೆ ನೀವು ಹೇಳದಿದ್ದರೆ ಅದು ಅಮೆರಿಕದ ಕ್ರಮದಲ್ಲಿ ಓದುತ್ತದೆ, ಮೊದಲು ತಿಂಗಳು. ಜೂನ್ 1 ಜನವರಿ 6 ಆಗುತ್ತದೆ. ಜೂನ್ 2 ಫೆಬ್ರವರಿ 6 ಆಗುತ್ತದೆ. ಹೀಗೆ 12ನೇ ತಾರೀಕಿನವರೆಗೂ. 13/06 ಬಂದಾಗ 13ನೇ ತಿಂಗಳು ಇಲ್ಲವಲ್ಲ. ಪಾಂಡಾಸ್ 1.x ಆಗ ಆ ಒಂದು ಸಾಲನ್ನು ಮಾತ್ರ ದಿನ-ತಿಂಗಳು ಕ್ರಮದಲ್ಲಿ ಓದಿ ಮುಂದೆ ಹೋಗುತ್ತಿತ್ತು. ಕೊನೆಗೆ ಜೂನ್ ತಿಂಗಳ ಮೊದಲ 12 ದಿನಗಳ ಮಳೆ ವರ್ಷದ ಎಲ್ಲ ತಿಂಗಳಿಗೂ ಹಂಚಿಹೋಗುತ್ತದೆ. ಗ್ರಾಫ್ ಬರುತ್ತದೆ, ಚಂದವೂ ಇರುತ್ತದೆ, ಆದರೆ ಕಾಸರಗೋಡಿನಲ್ಲಿ ಜನವರಿಯಲ್ಲೂ ಫೆಬ್ರವರಿಯಲ್ಲೂ ಜೋರು ಮಳೆ ಕಾಣುತ್ತದೆ. 2023ರ ಏಪ್ರಿಲಿನಲ್ಲಿ ಬಂದ ಪಾಂಡಾಸ್ 2.0 ಈ ನಡವಳಿಕೆಯನ್ನು ಬದಲಿಸಿತು. ಈಗ ಮೊದಲ ಸಾಲಿನಿಂದ ಕ್ರಮವನ್ನು ಊಹಿಸಿ, ಎಲ್ಲ ಸಾಲಿಗೂ ಅದೇ ಇರಬೇಕು ಎನ್ನುತ್ತದೆ. 13/06 ಸಿಕ್ಕಿದ ಕೂಡಲೇ ಟು_ಡೇಟ್‌ಟೈಮ್ ಎರರ್ ಕೊಟ್ಟು ನಿಲ್ಲುತ್ತದೆ.

ಅದೇ ಕೋಡ್, ಅದೇ ಡೇಟಾ. ಒಂದು ಕಂಪ್ಯೂಟರಿನಲ್ಲಿ ತಪ್ಪು ಗ್ರಾಫ್, ಇನ್ನೊಂದರಲ್ಲಿ ಎರರ್. ವರ್ಷನ್ ಬರೆದಿಟ್ಟಿದ್ದರೆ ಇಬ್ಬರೂ ಒಂದೇ ಫಲಿತಾಂಶ ನೋಡುತ್ತಾರೆ, ಇಬ್ಬರೂ ಕೂತು ಅದನ್ನು ಸರಿ ಮಾಡಬಹುದು. ಸರಿ ಮಾಡುವುದು ಡೇಫಸ್ಟ್ ಎಂಬ ಆಯ್ಕೆಯಿಂದ, ಅಥವಾ ತಾರೀಕಿನ ಕ್ರಮವನ್ನು ಫಾರ್ಮ್ಯಾಟ್ ಮೂಲಕ ಸ್ಪಷ್ಟವಾಗಿ ಹೇಳುವುದರಿಂದ. ಎರಡನೆಯದೇ ನನಗೆ ಇಷ್ಟ, ಅದರಲ್ಲಿ ಊಹೆಗೆ ಜಾಗ ಇಲ್ಲ.

ಇನ್ನೊಂದು ಉದಾಹರಣೆಯೂ ಲ್ಯಾಬುಗಳಲ್ಲಿ ಬಹಳ ಸಿಗುತ್ತದೆ. ಹಳೆಯ ಪಾಠಗಳಲ್ಲಿ ಡೇಟಾಫ್ರೇಮಿಗೆ (ಪಾಂಡಾಸಿನ ಕೋಷ್ಟಕ) ಸಾಲು ಸೇರಿಸಲು ಅಪೆಂಡ್ ಬಳಸಿರುತ್ತಾರೆ. 2.0ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ, ಈಗ ಕಾನ್‌ಕ್ಯಾಟ್ ಬಳಸಬೇಕು. 2024ರ ಜೂನಿನಲ್ಲಿ ನಂಪೈ 2.0 ಬಂದಾಗ ನಂಪೈ 1ಕ್ಕೆಂದು ಕಟ್ಟಿದ್ದ ಅನೇಕ ಲೈಬ್ರರಿಗಳು ತೆರೆಯುವಾಗಲೇ ಮುಗ್ಗರಿಸಿದವು.

ಹೊಸ ವರ್ಷನ್‌ಗೆ ಹೋಗಬಾರದು ಅಂತ ನಾನು ಹೇಳುವುದಿಲ್ಲ. ಹೋಗಿ, ಆದರೆ ನೀವೇ ತೀರ್ಮಾನಿಸಿದ ದಿನ ಹೋಗಿ. ವೈವಾದ ಹಿಂದಿನ ರಾತ್ರಿ ಅದಾಗಿಯೇ ಬರುವ ಹಾಗೆ ಬಿಡಬೇಡಿ.

ವೆನ್ವ್ ಇದ್ದರೆ ಪೈಥಾನಿನ ವರ್ಷನ್ ಕೂಡ ಬದಲಾಗುತ್ತದಾ?

ಇಲ್ಲ. ಯಾವ ಪೈಥಾನಿನಿಂದ ವೆನ್ವ್ ಮಾಡಿದಿರೋ ಅದೇ ವರ್ಷನ್ ಅದರೊಳಗೆ. 3.12 ಬೇಕೆಂದರೆ 3.12 ಕಂಪ್ಯೂಟರಿನಲ್ಲಿ ಇರಬೇಕು.

ಇಲ್ಲಿ ಯುವಿ ತುಂಬ ಉಪಕಾರಕ್ಕೆ ಬರುತ್ತದೆ. ಆಸ್ಟ್ರಲ್ ಎಂಬ ಕಂಪನಿ 2024ರಲ್ಲಿ ಬಿಡುಗಡೆ ಮಾಡಿದ ಉಪಕರಣ ಇದು. ಯುವಿ ವೆನ್ವ್ --ಪೈಥಾನ್ 3.10 ಎಂದರೆ ಆ ವರ್ಷನ್ ಇಲ್ಲದಿದ್ದರೆ ತಾನೇ ಇಳಿಸಿಕೊಂಡು ವೆನ್ವ್ ಮಾಡುತ್ತದೆ. ಅಡ್ಮಿನ್ ಪಾಸ್‌ವರ್ಡ್ ಬೇಕಾಗುವುದಿಲ್ಲ. ವೇಗವೂ ಪಿಪ್‌ಗಿಂತ ಬಹಳ ಜಾಸ್ತಿ. ಲ್ಯಾಬಿನಲ್ಲಿ 3.10 ಇದೆ ಎಂದು ಗೊತ್ತಿದ್ದರೆ ಮನೆಯ ಲ್ಯಾಪ್‌ಟಾಪಿನಲ್ಲಿ 3.10ರ ವೆನ್ವ್ ಮಾಡಿಕೊಂಡು ಅದರಲ್ಲೇ ಅಭ್ಯಾಸ ಮಾಡಿ. ಮೊದಲ ಪ್ರಶ್ನೆಯ ಎಫ್-ಸ್ಟ್ರಿಂಗ್ ತೊಂದರೆ ಮನೆಯಲ್ಲೇ ಗೊತ್ತಾಗುತ್ತದೆ.

ಹೊಸದಾಗಿ ಕಲಿಯುವವರು ವೆನ್ವ್ ಮತ್ತು ಪಿಪ್‌ನಿಂದಲೇ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ. ಒಳಗೆ ಏನು ನಡೆಯುತ್ತದೆ ಅಂತ ಒಮ್ಮೆ ಕೈಯಾರೆ ಮಾಡಿ ನೋಡಿದರೆ ಆಮೇಲೆ ಯಾವ ಉಪಕರಣವಾದರೂ ಸಲೀಸು.

ನಮ್ಮಲ್ಲಿ ನೆಟ್ ಸರಿ ಸಿಗುವುದಿಲ್ಲ. ಮಳೆಗಾಲದಲ್ಲಂತೂ ಕರೆಂಟೂ ಇಲ್ಲ. ಪ್ರತಿ ಪ್ರಾಜೆಕ್ಟಿಗೂ ಮತ್ತೆ ಮತ್ತೆ ಡೌನ್‌ಲೋಡ್ ಮಾಡುವುದು ಹೇಗೆ?

ಮತ್ತೆ ಮತ್ತೆ ಮಾಡಬೇಕಾಗಿಲ್ಲ. ಪಿಪ್ ಒಮ್ಮೆ ಇಳಿಸಿದ್ದನ್ನು ಕ್ಯಾಶೆಯಲ್ಲಿ ಇಟ್ಟುಕೊಳ್ಳುತ್ತದೆ, ಅದೇ ವರ್ಷನ್ ಇನ್ನೊಂದು ವೆನ್ವಿಗೆ ಬೇಕಾದಾಗ ಅಲ್ಲಿಂದಲೇ ತೆಗೆಯುತ್ತದೆ. ಇಲ್ಲೂ ನೋಡಿ, ವರ್ಷನ್ ಬರೆದಿಟ್ಟವರಿಗೆ ಲಾಭ. ಬರೀ ಹೆಸರು ಬರೆದರೆ ಹೊಸದು ಬಂದಾಗಲೆಲ್ಲ ಪುನಃ ಇಳಿಸುತ್ತದೆ. ಯುವಿ ಇನ್ನೂ ಮುಂದೆ ಹೋಗಿ, ಒಂದೇ ಪ್ರತಿಯನ್ನು ಎಷ್ಟೋ ವೆನ್ವ್‌ಗಳಿಗೆ ಜೋಡಿಸುತ್ತದೆ. ಡಿಸ್ಕಿನ ಜಾಗವೂ ಉಳಿಯುತ್ತದೆ.

ನೆಟ್ ಇಲ್ಲದ ಕಂಪ್ಯೂಟರಿಗೆ ತಲುಪಿಸಲು ದಾರಿ ಹೀಗಿದೆ. ನೆಟ್ ಇರುವ ಕಡೆ:

ಪಿಪ್ ಡೌನ್‌ಲೋಡ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ -ಡಿ ವೀಲ್ಸ್

ವೀಲ್ಸ್ ಎಂಬ ಫೋಲ್ಡರಿನಲ್ಲಿ ಎಲ್ಲ ಪ್ಯಾಕೇಜುಗಳೂ ಫೈಲುಗಳಾಗಿ ಬಂದು ಕೂರುತ್ತವೆ. ಅದನ್ನು ಪೆನ್‌ಡ್ರೈವಿನಲ್ಲಿ ಒಯ್ಯಬಹುದು. ಲ್ಯಾಬಿನಲ್ಲಿ ವೆನ್ವ್ ಮಾಡಿ:

ಪಿಪ್ ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್ ವೀಲ್ಸ್ -ಆರ್ ರಿಕ್ವೈರ್‌ಮೆಂಟ್ಸ್.ಟಿಎಕ್ಸ್‌ಟಿ

ನೋ-ಇಂಡೆಕ್ಸ್ ಅಂದರೆ ನೆಟ್ಟಿಗೆ ಹೋಗಲೇಬೇಡ ಅಂತ. ಹತ್ತು ಕಂಪ್ಯೂಟರಿಗೂ ಒಂದೇ ಪೆನ್‌ಡ್ರೈವ್ ಸಾಕು, ಹತ್ತರಲ್ಲೂ ಅವೇ ವರ್ಷನ್‌ಗಳು.

ಗಮನ ಕೊಡಬೇಕಾದದ್ದು ಒಂದೇ. ವಿಂಡೋಸಿನಲ್ಲಿ ಡೌನ್‌ಲೋಡ್ ಮಾಡಿದರೆ ವಿಂಡೋಸಿನ ಫೈಲುಗಳೇ ಬರುತ್ತವೆ. ಫೈಲಿನ ಹೆಸರು ಓದಿ ನೋಡಿ, ಅದರಲ್ಲೇ ಬರೆದಿರುತ್ತದೆ. ಸಿಪಿ310 ಎಂದರೆ ಪೈಥಾನ್ 3.10ಕ್ಕೆ, ಮೆನಿಲಿನಕ್ಸ್ ಎಂದರೆ ಲಿನಕ್ಸಿಗೆ, ವಿನ್ ಎಂದರೆ ವಿಂಡೋಸಿಗೆ. ಡೌನ್‌ಲೋಡ್ ಆಜ್ಞೆಗೆ ಪ್ಲಾಟ್‌ಫಾರ್ಮ್, ಪೈಥಾನ್-ವರ್ಷನ್, ಓನ್ಲಿ-ಬೈನರಿ ಎಂಬ ಆಯ್ಕೆಗಳನ್ನು ಕೊಟ್ಟು ಲಿನಕ್ಸಿನದ್ದನ್ನು ವಿಂಡೋಸಿನಿಂದಲೇ ತರಿಸಬಹುದು. ಅದಕ್ಕಿಂತ ಸುಲಭದ ದಾರಿ, ಶಾಲೆಯ ಒಂದು ಲಿನಕ್ಸ್ ಲ್ಯಾಪ್‌ಟಾಪಿಗೆ ಫೋನಿನ ಹಾಟ್‌ಸ್ಪಾಟ್ ಕೊಟ್ಟು ಅಲ್ಲಿಯೇ ಇಳಿಸುವುದು.

ಅಡಿಕೆ ಎಲೆಯ ಚಿತ್ರ ನೋಡಿ ರೋಗ ಗುರುತಿಸುವಂಥ ಪ್ರಾಜೆಕ್ಟ್ ಮಾಡುವ ಕಾಲೇಜು ಮಕ್ಕಳಿಗೆ ಒಂದು ಮಾತು. ಲಿನಕ್ಸಿನಲ್ಲಿ ಪೈಟಾರ್ಚ್ ಎಂಬ ಮೆಷಿನ್ ಲರ್ನಿಂಗ್ ಲೈಬ್ರರಿಯನ್ನು ಸುಮ್ನೆ ಪಿಪ್ ಇನ್‌ಸ್ಟಾಲ್ ಮಾಡಿದರೆ ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ದೊಡ್ಡ ದೊಡ್ಡ ಲೈಬ್ರರಿಗಳೂ ಜೊತೆಗೆ ಬರುತ್ತವೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಆ ಕಾರ್ಡೇ ಇಲ್ಲದಿದ್ದರೆ ದಿನದ ಡೇಟಾ ಪೂರ್ತಿ ವ್ಯರ್ಥ. ಪೈಟಾರ್ಚಿನವರೇ ಸಿಪಿಯುಗೆಂದು ಬೇರೆ ಇಂಡೆಕ್ಸ್ ಇಟ್ಟಿದ್ದಾರೆ. ಅದರ ವಿಳಾಸ ಕೊಟ್ಟು ಇಳಿಸಿ, ಗಾತ್ರ ಬಹಳ ಕಡಿಮೆ.

ಪಟ್ಟಿ ಪಕ್ಕಾ ಇದೆ, ವರ್ಷನ್ ಎಲ್ಲ ಒಂದೇ. ಆದರೂ ನನ್ನಲ್ಲಿ ಕನ್ನಡ ಅಕ್ಷರ ಸರಿ ಬರುತ್ತದೆ, ಗೆಳತಿಯ ಕಂಪ್ಯೂಟರಿನಲ್ಲಿ ಒಡೆಯುತ್ತದೆ. ಯಾಕೆ?

ಗಡಿನಾಡಿನ ಮಕ್ಕಳು ಕನ್ನಡದಲ್ಲಿ ಪ್ರಾಜೆಕ್ಟ್ ಮಾಡಬೇಕೆಂದು ನನಗೆ ಬಹಳ ಆಸೆ. ಹಾಗಾಗಿ ಈ ಉತ್ತರ ಸ್ವಲ್ಪ ಉದ್ದ. ವೆನ್ವಿನ ಕೈ ಎಲ್ಲಿಯವರೆಗೆ ತಲುಪುತ್ತದೆ ಎಂಬುದೂ ಇಲ್ಲಿಯೇ ಗೊತ್ತಾಗುವುದು.

ಮೊದಲು ಫೈಲ್ ಓದುವುದು. ಲಿನಕ್ಸಿನಲ್ಲಿ ಪೈಥಾನ್ ಪಠ್ಯದ ಫೈಲನ್ನು ಸಾಮಾನ್ಯವಾಗಿ ಯುಟಿಎಫ್-8 (ಎಲ್ಲ ಭಾಷೆಯ ಅಕ್ಷರಗಳನ್ನೂ ಉಳಿಸುವ ಕ್ರಮ) ಎಂದೇ ತಿಳಿದು ತೆರೆಯುತ್ತದೆ. ವಿಂಡೋಸಿನಲ್ಲಿ ಸಿಸ್ಟಂನ ಹಳೆಯ ಕೋಡ್‌ಪೇಜ್ ಪ್ರಕಾರ ತೆರೆಯುತ್ತದೆ, ಅದರಲ್ಲಿ ಕನ್ನಡ ಇಲ್ಲ. ಒಂದೋ ಯೂನಿಕೋಡ್ ಎರರ್ ಬರುತ್ತದೆ, ಇಲ್ಲವೇ ಅರ್ಥವಿಲ್ಲದ ಚಿಹ್ನೆಗಳು. ಓಪನ್ ಎಂದು ಬರೆಯುವಾಗಲೆಲ್ಲ ಎನ್‌ಕೋಡಿಂಗ್ ಯುಟಿಎಫ್-8 ಎಂದು ಸೇರಿಸುವ ಅಭ್ಯಾಸ ಮಾಡಿಕೊಳ್ಳಿ. ಪೈಥಾನ್ 3.15ರಿಂದ ಎಲ್ಲ ಕಡೆಯೂ ಯುಟಿಎಫ್-8 ತಾನಾಗಿ ಬರಬೇಕೆಂದು ತೀರ್ಮಾನ ಆಗಿದೆ. ಲ್ಯಾಬಿಗೆ ಅದು ಬರುವವರೆಗೆ ನಾವೇ ಬರೆಯಬೇಕು.

ಎರಡನೆಯದು ಚಿತ್ರದ ಮೇಲೆ ಕನ್ನಡ ಬರೆಯುವುದು. ಪಿಲ್ಲೋ ಲೈಬ್ರರಿಯಲ್ಲಿ ಒತ್ತಕ್ಷರ, ಕಾಗುಣಿತಗಳನ್ನು ಕೂಡಿಸುವ ಕೆಲಸ ಮಾಡುವುದು ರಾಕ್ಮ್ ಎಂಬ ಭಾಗ. ಅದು ಪಿಲ್ಲೋ ಜೊತೆಗೇ ಬರುತ್ತದೆ. ಆದರೆ ಅದಕ್ಕೆ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿ ಬೇಕು, ಅದು ಸಿಸ್ಟಂನಲ್ಲಿ ಇರಬೇಕು. ಇಲ್ಲದಿದ್ದರೆ ಪಿಲ್ಲೋ ಏನೂ ಹೇಳದೆ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತದೆ. ಅಮ್ಮ ಎಂಬಲ್ಲಿ ಮಾವತ್ತು ಕೆಳಗೆ ಕೂರುವುದಿಲ್ಲ. ನಿಮ್ಮ ಪ್ರಶ್ನೆಗೆ ಬಹುಶಃ ಇದೇ ಉತ್ತರ. ಪಿಲ್ಲೋದ ಫೀಚರ್ಸ್ ಎಂಬ ಭಾಗದಲ್ಲಿ ಚೆಕ್ ಎಂದು ಕರೆದು ರಾಕ್ಮ್ ಹೆಸರು ಕೊಟ್ಟರೆ ಇದೆಯೋ ಇಲ್ಲವೋ ಅಂತ ಹೇಳುತ್ತದೆ. ಪ್ರೋಗ್ರಾಮಿನ ಮೊದಲ ಸಾಲುಗಳಲ್ಲೇ ಅದನ್ನು ಕೇಳಿ, ಇಲ್ಲದಿದ್ದರೆ ನಿಲ್ಲಿಸಿಬಿಡಿ.

ಫಾಂಟಿನದ್ದೂ ಹಾಗೆಯೇ. ಸಿಸ್ಟಂನ ಫಾಂಟನ್ನು ನಂಬಬೇಡಿ. ವಿಂಡೋಸಿನ ನಿರ್ಮಲಾ ಲಿನಕ್ಸಿನಲ್ಲಿ ಇಲ್ಲ. ನೋಟೋ ಸಾನ್ಸ್ ಕನ್ನಡದಂಥ ಮುಕ್ತ ಲೈಸೆನ್ಸಿನ ಫಾಂಟ್ ಫೈಲನ್ನು ಪ್ರಾಜೆಕ್ಟಿನ ಫೋಲ್ಡರಿನಲ್ಲೇ ಇಟ್ಟು ಅದರ ವಿಳಾಸ ಕೊಡಿ.

ಮೂರನೆಯದು ಓಸಿಆರ್. ಹಳೆಯ ಕನ್ನಡ ಪುಟಗಳನ್ನು ಸ್ಕ್ಯಾನ್ ಮಾಡಿ ಪಠ್ಯ ತೆಗೆಯುವವರು ಪೈಟೆಸೆರಾಕ್ಟ್ ಹಾಕಿಕೊಳ್ಳುತ್ತಾರೆ. ಅದು ಬರೀ ದೂತ. ನಿಜವಾದ ಕೆಲಸಗಾರ ಟೆಸೆರಾಕ್ಟ್ ಎಂಬ ಪ್ರೋಗ್ರಾಂ ಪೈಥಾನಿನ ಹೊರಗಿದೆ. ಅದನ್ನು ಎಪಿಟಿಯಿಂದ ಹಾಕಬೇಕು, ಜೊತೆಗೆ ಕನ್ನಡದ ಡೇಟಾ ಪ್ಯಾಕೇಜನ್ನೂ ಹಾಕಬೇಕು. ಉಬುಂಟು 22.04ರಲ್ಲಿ ಟೆಸೆರಾಕ್ಟ್ 4.1 ಸಿಗುತ್ತದೆ, 24.04ರಲ್ಲಿ 5.3. ಒಂದೇ ಪುಟಕ್ಕೆ ಎರಡೂ ಬೇರೆ ಬೇರೆ ಪಠ್ಯ ಕೊಡಬಹುದು. ಪಿಪ್ ಫ್ರೀಜ್ ಮಾಡಿದ ಪಟ್ಟಿಯಲ್ಲಿ ಇದರ ಸುಳಿವೇ ಇರುವುದಿಲ್ಲ. ಹಾಗಾಗಿ ಕೈಯಿಂದ ಬರೆದಿಡಿ.

ಅದಕ್ಕೆಲ್ಲ ಕೋಂಡಾ ಒಳ್ಳೆಯದು ಅಂತಾರಲ್ಲ?

ಹೌದು, ಪೈಥಾನಿನ ಹೊರಗಿನ ವಸ್ತುಗಳೂ ಬೇಕಾದಾಗ ಕೋಂಡಾ ಉಪಯೋಗ. ಪೈಥಾನನ್ನೂ, ಟೆಸೆರಾಕ್ಟಿನಂಥ ಪ್ರೋಗ್ರಾಮುಗಳನ್ನೂ ಅದು ಎನ್ವಿರಾನ್‌ಮೆಂಟಿನ ಒಳಗೇ ತರುತ್ತದೆ. ಭೂಪಟದ ಕೆಲಸ ಮಾಡುವವರಿಗೆ, ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ದೊಡ್ಡ ಅನುಕೂಲ. ಪೂರ್ತಿ ಅನಕೊಂಡಾ ಬಹಳ ಭಾರ. ಮಿನಿಫೋರ್ಜ್ ಹಾಕಿಕೊಳ್ಳಿ, ಅದು ಸಮುದಾಯದವರು ನಡೆಸುವ ಕೋಂಡಾ-ಫೋರ್ಜಿನಿಂದ ಪ್ಯಾಕೇಜ್ ತರುತ್ತದೆ. ಸಣ್ಣ ಪ್ರಾಜೆಕ್ಟಿಗೆ ಇದ್ಯಾವುದೂ ಬೇಡ, ವೆನ್ವ್ ಸಾಕು.

ಡಾಕರ್ ಕಲಿಯಬೇಕಾ?

ಕೆಲಸಕ್ಕೆ ಹೋಗುವವರು ಕಲಿಯಬೇಕು. 2013ರಲ್ಲಿ ಬಂದ ಇದು ಇಡೀ ಸಿಸ್ಟಂನ ಫೈಲುಗಳನ್ನೇ ಒಂದು ಇಮೇಜ್ ಆಗಿ ಕಟ್ಟುತ್ತದೆ. ಫಾಂಟು, ಫ್ರಿಬಿಡಿ, ಟೆಸೆರಾಕ್ಟ್ ಎಲ್ಲ ಅದರೊಳಗೆ ಬರುತ್ತವೆ. ಆದರೆ 4 ಜಿಬಿ ರ‍್ಯಾಮಿನ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಾಕರ್ ಡೆಸ್ಕ್‌ಟಾಪ್ ಹಾಕಿ ಮಕ್ಕಳು ಸಂಕಟಪಡುವುದು ಬೇಡ. ಇನ್ನೊಂದು ವಿಷಯ, ಡಾಕರ್‌ಫೈಲಿನಲ್ಲಿ ವರ್ಷನ್ ಇಲ್ಲದೆ ಪಿಪ್ ಇನ್‌ಸ್ಟಾಲ್ ಬರೆದರೆ ಹಳೆಯ ತೊಂದರೆ ಅಲ್ಲೂ ಹಾಗೆಯೇ ಇರುತ್ತದೆ.

ಜುಪಿಟರ್ ನೋಟ್‌ಬುಕ್ ವೆನ್ವ್ ಒಳಗಿನ ಲೈಬ್ರರಿಯನ್ನು ಕಾಣುವುದಿಲ್ಲ.

ಬ್ರೌಸರಿನಲ್ಲೇ ಕೋಡ್ ಬರೆದು ಓಡಿಸುವ ಆ ನೋಟ್‌ಬುಕ್ ಬೇರೆ ಪೈಥಾನಿನಲ್ಲಿ ಓಡುತ್ತಿದೆ. ವೆನ್ವ್ ಒಳಗೆ ಐಪಿವೈಕರ್ನಲ್ ಹಾಕಿ, ಅದರ ಇನ್‌ಸ್ಟಾಲ್ ಆಜ್ಞೆಯಿಂದ ಆ ವೆನ್ವಿಗೆ ಒಂದು ಹೆಸರು ಕೊಡಿ. ಆಮೇಲೆ ಕರ್ನಲ್ ಪಟ್ಟಿಯಲ್ಲಿ ಆ ಹೆಸರು ಆರಿಸಿ. ವಿಎಸ್ ಕೋಡಿನಲ್ಲಾದರೆ ಇಂಟರ್‌ಪ್ರಿಟರ್ ಆರಿಸುವಲ್ಲಿ ವೆನ್ವ್ ತೋರಿಸಿ. ಸಂಶಯ ಬಂದರೆ ಸಿಸ್.ಎಕ್ಸಿಕ್ಯೂಟೆಬಲ್ ಪ್ರಿಂಟ್ ಮಾಡಿ ನೋಡಿ, ಯಾವ ಪೈಥಾನ್ ಅಂತ ಗೊತ್ತಾಗುತ್ತದೆ.

ಗೂಗಲ್ ಕೊಲ್ಯಾಬಿನಲ್ಲಿ ವರ್ಷನ್‌ಗಳನ್ನು ಅವರೇ ಆಗಾಗ ಏರಿಸುತ್ತಾರೆ. ವರದಿ ಬರೆಯುವ ದಿನ ಅಲ್ಲೂ ಒಮ್ಮೆ ಪಿಪ್ ಫ್ರೀಜ್ ಮಾಡಿ ಫೈಲ್ ತೆಗೆದಿಟ್ಟುಕೊಳ್ಳಿ.

ಆರ್, ನೋಡ್‌ಜೆಎಸ್ ಬಳಸುವವರಿಗೆ?

ಅಂಕಿಅಂಶಕ್ಕೆ ಬಳಸುವ ಆರ್ ಭಾಷೆಗೆ ಆರ್‌ಎನ್ವ್ ಇದೆ. ಸ್ನ್ಯಾಪ್‌ಶಾಟ್ ಮಾಡಿ, ಬೇರೆ ಕಡೆ ರಿಸ್ಟೋರ್ ಮಾಡಿ. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ಯಾಕೇಜ್-ಲಾಕ್ ಫೈಲನ್ನು ಗಿಟ್ಟಿಗೆ ಸೇರಿಸಿ, ಇನ್ನೊಬ್ಬರು ಎನ್‌ಪಿಎಂ ಸಿಐ ಎಂದು ಓಡಿಸಲಿ. ನೋಡ್-ಮಾಡ್ಯೂಲ್ಸ್ ಫೋಲ್ಡರನ್ನು ಯಾರಿಗೂ ಕಳಿಸಬೇಡಿ.

ಎಲ್ಲ ಒಂದೇ ಇದ್ದರೂ ಪ್ರತಿ ಸಲ ಓಡಿಸಿದಾಗ ಬೇರೆ ಸಂಖ್ಯೆ ಬರುತ್ತದೆ.

ಕೋಡಿನಲ್ಲಿ ಎಲ್ಲೋ ರ‍್ಯಾಂಡಮ್ ಇದೆ. ಡೇಟಾವನ್ನು ತರಬೇತಿಗೆ, ಪರೀಕ್ಷೆಗೆ ಎಂದು ಭಾಗ ಮಾಡುವಾಗ, ಮಾಡೆಲ್ ತಯಾರಿಸುವಾಗ ಸೀಡ್ ಕೊಡಿ, ಅಂದರೆ ಪ್ರತಿ ಸಲ ಅವೇ ರ‍್ಯಾಂಡಮ್ ಸಂಖ್ಯೆಗಳು ಬರುವಂತೆ ಮಾಡುವ ಆರಂಭದ ಸಂಖ್ಯೆ. ಸೆಟ್ ಎಂಬ ರಚನೆಯನ್ನು ಲೂಪಿನಲ್ಲಿ ಓಡಿಸಿದರೂ ಪದಗಳ ಕ್ರಮ ಸಲಕ್ಕೊಂದು ಥರ ಬರುತ್ತದೆ, ಅದನ್ನು ಸಾರ್ಟ್ ಮಾಡಿ ಬಳಸಿ. ಫೈಲುಗಳ ಪಟ್ಟಿ ತೆಗೆಯುವಾಗಲೂ ಸಾರ್ಟ್ ಮಾಡಿ, ಯಾಕೆಂದರೆ ಕ್ರಮ ಸಿಸ್ಟಂನಿಂದ ಸಿಸ್ಟಂಗೆ ಬೇರೆ. ದಶಮಾಂಶದ ಕೊನೆಯ ಅಂಕಿಗಳಲ್ಲಿ ಸಣ್ಣ ವ್ಯತ್ಯಾಸ ಬೇರೆ ಬೇರೆ ಪ್ರೊಸೆಸರುಗಳಲ್ಲಿ ಬರುವುದು ಸಹಜ, ಅದಕ್ಕೆ ಹೆದರಬೇಡಿ.

ಎಂಟನೇ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಇಷ್ಟೆಲ್ಲ ಬೇಕಾ?

ಪಠ್ಯಪುಸ್ತಕದ ಲೂಪು, ಇಫ್ ಕಲಿಯುವವರೆಗೆ ಬೇಡ. ಅಲ್ಲಿ ಹೊರಗಿನ ಲೈಬ್ರರಿಯೇ ಇಲ್ಲ. ಪಿಪ್ ಇನ್‌ಸ್ಟಾಲ್ ಎಂಬ ಮಾತು ಮೊದಲ ಸಲ ಬಂದ ದಿನ ವೆನ್ವ್ ಕೂಡ ಹೇಳಿಕೊಡಿ. ಲಿಟ್ಲ್ ಕೈಟ್ಸ್ (ಶಾಲೆಯ ಐಟಿ ಕ್ಲಬ್) ಮಕ್ಕಳಿಗಂತೂ ಖಂಡಿತ ಹೇಳಿ. ಅವರು ಮಾಡಿದ ಪ್ರೋಗ್ರಾಮನ್ನು ಮುಂದಿನ ವರ್ಷದ ಮಕ್ಕಳು ಓಡಿಸಿ, ಅಲ್ಲಿಂದ ಮುಂದುವರಿಸುವಂತಾಗಬೇಕು. ಈಗ ಎಷ್ಟೋ ಒಳ್ಳೆಯ ಕೆಲಸ ಆ ವರ್ಷಕ್ಕೇ ಮುಗಿದುಹೋಗುತ್ತಿದೆ. ನನಗೆ ಬೇಸರ ಆಗುವುದು ಅದಕ್ಕೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಮಂಗಳೂರಿಗೋ ಓದಲು ಹೋದ ಮೇಲೆ ಇದನ್ನು ಯಾರೋ ಕೂತು ಕಲಿಸುತ್ತಾರೆಂದು ನಂಬಿ ಕೂರುವುದಕ್ಕಿಂತ, ಕನ್ನಡದಲ್ಲಿ ಕೇಳಿ ಅರ್ಥ ಮಾಡಿಕೊಳ್ಳಬಹುದಾದ ವಯಸ್ಸಿನಲ್ಲೇ ಕಲಿಯುವುದು ಒಳ್ಳೆಯದು.

ನಾನು ಮಾಡಿದ್ದು ಸರಿಯಾಗಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ವೆನ್ವ್ ಫೋಲ್ಡರನ್ನು ಅಳಿಸಿಬಿಡಿ. ಪಟ್ಟಿಯಿಂದ ಹೊಸದು ಮಾಡಿ. ಕೋಡ್ ಓಡಿಸಿ. ಮೊದಲು ಬಂದ ಫಲಿತಾಂಶವೇ ಬಂದರೆ ಪಟ್ಟಿ ಸರಿ ಇದೆ. ಅಳಿಸಲು ಹೆದರಿಕೆ ಆಗುತ್ತಿದ್ದರೆ ಪಟ್ಟಿಯಲ್ಲಿ ಇಲ್ಲದ್ದು ಏನೋ ಅದರೊಳಗೆ ಇದೆ ಎಂದರ್ಥ, ಅದನ್ನು ಹುಡುಕಿ ಬರೆಯಿರಿ.

ಇನ್ನೂ ಗಟ್ಟಿ ಪರೀಕ್ಷೆ ಬೇಕೆಂದರೆ ಫೋಲ್ಡರನ್ನು ಬೇರೆಯವರಿಗೆ ಕೊಟ್ಟು, ನೀವು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿ. ಅವರು ಕೇಳುವ ಪ್ರತಿ ಪ್ರಶ್ನೆಯೂ ರೀಡ್‌ಮಿ ಫೈಲಿಗೆ ಒಂದು ಸಾಲು. ಪೈಥಾನ್ ವರ್ಷನ್, ಯಾವ ಆಪರೇಟಿಂಗ್ ಸಿಸ್ಟಂನಲ್ಲಿ ಓಡಿಸಿ ನೋಡಿದ್ದೀರಿ, ಎಪಿಟಿಯಿಂದ ಏನೇನು ಹಾಕಬೇಕು, ಡೇಟಾ ಫೈಲ್ ಎಲ್ಲಿಡಬೇಕು, ಯಾವ ಆಜ್ಞೆಯಿಂದ ಶುರು, ಕೊನೆಗೆ ಏನು ಕಾಣಬೇಕು. ಇಷ್ಟು ಇರಲಿ. ಅದನ್ನು ಕನ್ನಡದಲ್ಲೇ ಬರೆಯಿರಿ, ಮಲಯಾಳ ಅಥವಾ ಇಂಗ್ಲಿಷ್ ಓದುವ ಪರೀಕ್ಷಕರು ಬರುವುದಾದರೆ ಕೆಳಗೆ ಆ ಭಾಷೆಯಲ್ಲೂ ಸೇರಿಸಿ.